ಬೆಥೆಲ್ ಏರಿನಲ್ಲಿ ನಿಂತ ಕಾರು

ಗಂಡ ಇನ್ನೊಬ್ಬಳ ಜೊತೆ ಓಡಾಡುತ್ತಿದ್ದರೆ ಹೆಂಡತಿಯಾದವಳು ಕೂಗಾಡಬಹುದು, ತಟ್ಟೆ ಎಸೆಯಬಹುದು, ಮುನಿಸಿಕೊಂಡು ತಂಗಿಯ ಮನೆಗೆ ಹೋಗಿ ಕೂರಬಹುದು. ಬೆರಿಲ್‌ಗೆ ಆ ಸುಖವೂ ಇರಲಿಲ್ಲ. ಅವಳ ಗಂಡ ಹೇಡನ್ ಎದುರುಮನೆಯ ನೆಸ್ಟಾಳ ಜೊತೆ ಓಡಾಡುತ್ತಿದ್ದದ್ದು ಇಡೀ ಕುಮ್‌ಗಾರ್ತ್ ಊರಿನ ಕಣ್ಣೆದುರಿಗೆ, ಸಂಜೆಯ ಬಿಸಿಲಿನಲ್ಲಿ, ತನ್ನದೇ ನೀಲಿ ಕಾರಿನ ಹಿಂದೆ ಮುಂದೆ ಕಲಿಯುವವರ ಕೆಂಪು ಫಲಕ ಅಂಟಿಸಿಕೊಂಡು. ನೋಡಿದವರು ಆಡಿಕೊಳ್ಳುವ ಬದಲು ಹೊಗಳುತ್ತಿದ್ದರು. ಗಂಡ ಸತ್ತವಳಿಗೆ ಪುಕ್ಕಟೆ ಕಾರು ಕಲಿಸುತ್ತಿದ್ದಾನಲ್ಲ, ಎಂಥ ದೊಡ್ಡ ಮನಸ್ಸು, ಅನ್ನುತ್ತಿದ್ದರು. ಬೆರಿಲ್ ಹೌದು ಹೌದು ಎಂದು ತಲೆಯಾಡಿಸಿ, ಮನೆಗೆ ಬಂದು, ಸಿಪ್ಪೆಯ ಜೊತೆ ಅರ್ಧ ತಿರುಳೂ ಹೋಗುವ ಹಾಗೆ ಆಲೂಗಡ್ಡೆ ಹೆರೆಯುತ್ತಿದ್ದಳು.

ನೆಸ್ಟಾ ಕೆಟ್ಟವಳಾಗಿದ್ದರೆ ಎಷ್ಟೋ ಸಲೀಸಾಗುತ್ತಿತ್ತು. ಆದರೆ ಅವಳು ಒಳ್ಳೆಯವಳು. ಅವಳ ಗಂಡ ಗ್ಲಾನ್ ಊರಿನ ಗಂಡಸರ ಹಾಡಿನ ತಂಡದಲ್ಲಿ ಹೇಡನ್ ಪಕ್ಕದಲ್ಲೇ ನಿಂತು ಹಾಡುತ್ತಿದ್ದವನು. ಹಿಂದಿನ ಚಳಿಗಾಲದಲ್ಲಿ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ. ನೆಸ್ಟಾಗೆ ಬೆಟ್ಟದಾಚೆಯ ಕಣಿವೆಯಲ್ಲಿ, ಒಂದು ವೃದ್ಧಾಶ್ರಮದ ಅಡುಗೆಮನೆಯಲ್ಲಿ ಕೆಲಸ ಸಿಕ್ಕಿತ್ತು. ಬೇಸಿಗೆ ಮುಗಿಯುತ್ತಿದ್ದ ಹಾಗೆ ಸೇರಬೇಕು. ಬೆಟ್ಟ ಹತ್ತಿಳಿಯುವ ಬಸ್ಸು ನಿಂತುಹೋಗಿ ವರ್ಷವಾಗಿತ್ತು. ಆ ಬಸ್ಸನ್ನು ಕೊನೆಯ ದಿನದವರೆಗೆ ಓಡಿಸಿದವನು ಹೇಡನ್. ಬಸ್ಸಿನ ಜೊತೆ ಅವನೂ ನಿವೃತ್ತನಾಗಿ, ಕಿಟಕಿಯ ಪಕ್ಕ ಕೂತು, ಬೇರೆಯವರು ಕಾರು ನಿಲ್ಲಿಸುವ ರೀತಿ ನೋಡಿ ಗೊಣಗುತ್ತಿದ್ದ. ಒಂದು ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಚಾಪೆಲಿನ ಬಾಗಿಲಲ್ಲಿ ನೆಸ್ಟಾ ತನ್ನ ಪಾಡು ಹೇಳಿಕೊಂಡಾಗ ಅವನು ತಾನಾಗಿ ಮುಂದೆ ಬಿದ್ದು, ನಾನು ಕಲಿಸ್ತೀನಿ, ಅಂದುಬಿಟ್ಟ. ಅವಳು ಕೇಳಿರಲಿಲ್ಲ. ಯಾರೂ ಕೇಳಿರಲಿಲ್ಲ. ಬೆರಿಲ್‌ಗೆ ಮುಳ್ಳು ಚುಚ್ಚಿದ್ದು ಅಲ್ಲೇ.

ಯಾಕೆಂದರೆ, ಅವನು ತನ್ನನ್ನು ಇನ್ನೊಂದು ಸಲ ಕೇಳಲಿ ಎಂದು ಅವಳು ಮೂವತ್ತು ವರ್ಷಗಳಿಂದ ಕಾಯುತ್ತಿದ್ದಳು.

ಕಾರು ಕಲಿಯುತ್ತೀಯಾ ಎಂದು ಮೊದಲ ಸಲ ಕೇಳಿದ್ದು ಮದುವೆಯ ಹೊಸತರಲ್ಲಿ. ಪಾಠ ನಡೆದದ್ದು ಬೆಥೆಲ್ ಏರಿನಲ್ಲಿ. ನಮ್ಮ ಊರಿನಲ್ಲಿ ಏರಿಗೇನೂ ಬರವಿಲ್ಲ, ಆದರೆ ನದಿಯ ಪಕ್ಕದ ಅಂಗಡಿಬೀದಿಯಿಂದ ಬೆಥೆಲ್ ಚಾಪೆಲನ್ನು ಬಳಸಿಕೊಂಡು ಮೇಲಿನ ಸಾಲುಮನೆಗಳಿಗೆ ಬರುವ ಆ ರಸ್ತೆಯಲ್ಲಿ ಹತ್ತುವವರ ಮೊಣಕಾಲು ಮೂಗಿಗೆ ತಾಗಬೇಕು, ಅಷ್ಟು ಕಡಿದು. ಚಾಪೆಲಿನ ಎದುರಿಗೆ ಬರುತ್ತಿದ್ದಂತೆ ಬೆರಿಲ್ ಕ್ಲಚ್ ಬಿಟ್ಟಳೋ, ಬಿಡಬೇಕಾದಾಗ ಬಿಡಲಿಲ್ಲವೋ, ಕಾರು ಆಫ್ ಆಗಿ ಹಿಂದಕ್ಕೆ ಜಾರತೊಡಗಿತು. ಹೇಡನ್ ಹ್ಯಾಂಡ್‌ಬ್ರೇಕ್ ಎಳೆದು ಕಿರುಚಿದ. ತಲೆಯಲ್ಲಿ ಏನು ತುಂಬಿಕೊಂಡಿದ್ದೀಯ, ಇಬ್ಬರನ್ನೂ ಕೊಲ್ಲಬೇಕು ಅಂತಿದ್ದೀಯಾ, ಎಂದು ಬಾಯಿಗೆ ಬಂದದ್ದೆಲ್ಲ ಅಂದ. ಅದೇ ಹೊತ್ತಿಗೆ ಪ್ರಾರ್ಥನೆ ಮುಗಿದು ಜನ ಚಾಪೆಲಿನ ಮೆಟ್ಟಿಲ ಮೇಲೆ ಬಂದು ನಿಂತಿದ್ದರು. ಪಾಠಕ್ಕಾಗಿ ಇವರಿಬ್ಬರೂ ಅವತ್ತು ಪ್ರಾರ್ಥನೆ ತಪ್ಪಿಸಿದ್ದರು ಬೇರೆ. ಬೆರಿಲ್ ಬಾಗಿಲು ತೆರೆದು ಇಳಿದು, ಎತ್ತರ ಹಿಮ್ಮಡಿಯ ಬೂಟಿನಲ್ಲೇ ಏರು ಹತ್ತಿ ಮನೆಗೆ ಹೋದಳು. ಮರುದಿನ ಇಬ್ಬರೂ ಮಾತಾಡಿದರು, ಆದರೆ ಬೇರೆ ವಿಷಯ. ಅಂದಿನಿಂದ ಹೇಡನ್ ಅದರ ಸುದ್ದಿ ಎತ್ತಲಿಲ್ಲ. ಬೆರಿಲ್ ಕೂಡ ಕೇಳಲಿಲ್ಲ. ಕೇಳಿದರೆ ಸೋತ ಹಾಗೆ. ಎಡಗಡೆಯ ಸೀಟಿನಲ್ಲಿ, ಮಡಿಲ ಮೇಲೆ ಕೈಚೀಲ ಇಟ್ಟುಕೊಂಡು, ಅವನು ಕರೆದುಕೊಂಡು ಹೋದಲ್ಲಿಗೆ ಹೋಗಿ ಬಂದಳು. ಜೀವನ ಹಾಗೇ ಕಳೆಯಿತು.

ಈಗ ಆ ಸೀಟೂ ಅವಳದಾಗಿ ಉಳಿಯಲಿಲ್ಲ. ನೆಸ್ಟಾ ಸ್ಟೇರಿಂಗ್ ಹಿಡಿದರೆ ಹೇಡನ್ ಕೂರುವುದು ಎಡಗಡೆ. ಅವನ ಕಾಲು ಉದ್ದ. ಸೀಟನ್ನು ಹಿಂದಕ್ಕೆ ತಳ್ಳಿ ಕೂರುತ್ತಿದ್ದ, ಇಳಿಯುವಾಗ ಸರಿಮಾಡುವುದನ್ನು ಮರೆಯುತ್ತಿದ್ದ. ಶನಿವಾರ ಸಂತೆಗೆ ಹೊರಟಾಗ ಬೆರಿಲ್ ಹತ್ತಿ ಕೂತರೆ ಪಾದ ನೆಲಕ್ಕೆ ಎಟುಕುತ್ತಿರಲಿಲ್ಲ, ಶಾಲೆಯ ಮಗುವಿನ ಹಾಗೆ ಕಾಲು ತೂಗಾಡುತ್ತಿದ್ದವು. ಹೆದರಿಕೆಗೆ ನೆಸ್ಟಾ ಬಾಯಲ್ಲಿ ಪೆಪ್ಪರ್‌ಮಿಂಟ್ ಇಟ್ಟುಕೊಳ್ಳುತ್ತಿದ್ದಳು, ಕಾರಿನ ತುಂಬ ಅದೇ ವಾಸನೆ. ಬೆರಿಲ್ ತಣ್ಣನೆಯ ಗಾಳಿಮಳೆಯಲ್ಲೂ ಕಿಟಕಿ ಇಳಿಸಿಕೊಂಡು ಕೂರುತ್ತಿದ್ದಳು. ಸೆಕೆ ಆಗ್ತಿದೆಯಾ ಎಂದು ಹೇಡನ್ ಕೇಳಿದರೆ, ಹೌದು, ತುಂಬಾ, ಅನ್ನುತ್ತಿದ್ದಳು.

ಕಿಟಕಿಯಿಂದ ಕಾಣುತ್ತಿದ್ದದ್ದು ಇನ್ನೂ ಕೆಟ್ಟದ್ದು. ಮನೆಯ ಮುಂದಿನ ಬೀದಿಯೂ ಇಳಿಜಾರೇ, ಎರಡೂ ಬದಿಗೆ ಸಾಲಾಗಿ ನಿಂತ ಕಾರುಗಳು, ನಡುವೆ ಒಂದು ಗಾಡಿಗಾಗುವಷ್ಟು ಜಾಗ. ಅಲ್ಲಿ ನಿಲ್ಲಿಸಿ, ಮತ್ತೆ ಎತ್ತಿ, ಮತ್ತೆ ನಿಲ್ಲಿಸಿ, ಹೀಗೆ ನೆಸ್ಟಾ ಅಭ್ಯಾಸ ಮಾಡುತ್ತಿದ್ದಳು. ಕಾರು ಆಫ್ ಆಗುತ್ತಿತ್ತು. ಜಿಗಿಯುತ್ತಿತ್ತು. ಒಂದು ಸಲ ಹಾಲಿನ ಗಾಡಿಯ ಮೂತಿಗೆ ಮುತ್ತಿಡುವಷ್ಟು ಹತ್ತಿರ ಹೋಯಿತು. ಬೆರಿಲ್ ಪರದೆಯ ಹಿಂದೆ ನಿಂತು, ಈಗ ಕಿರುಚುತ್ತಾನೆ, ಈಗ ಕಿರುಚುತ್ತಾನೆ ಎಂದು ಕಾದಳು. ಹೇಡನ್ ಕಿರುಚಲಿಲ್ಲ. ಗಾಜಿನ ಹಿಂದೆ ಅವನ ತುಟಿಗಳು ನಿಧಾನವಾಗಿ ಆಡುತ್ತಿದ್ದವು, ಅಂಗೈ ಮೆಲ್ಲಗೆ ಮೇಲೆದ್ದು ಇಳಿಯುತ್ತಿತ್ತು. ಕೊನೆಗೊಮ್ಮೆ ಕಾರು ನಡುಗದೆ ಎದ್ದು ಹೊರಟಾಗ ಅವನು ಚಪ್ಪಾಳೆ ತಟ್ಟಿದ. ಮದುವೆಯಾದಾಗಿನಿಂದ ಅವನು ಯಾರಿಗಾದರೂ ಚಪ್ಪಾಳೆ ತಟ್ಟಿದ್ದನ್ನು ಬೆರಿಲ್ ನೋಡಿರಲಿಲ್ಲ. ಹೊಟ್ಟೆಕಿಚ್ಚು ಅನ್ನುವುದು ಬರೀ ಮಾತಿಗೆ ಅಂದುಕೊಂಡಿದ್ದಳು ಪಾಪ, ಅದು ನಿಜವಾಗಿಯೂ ಹೊಟ್ಟೆಯಲ್ಲೇ ಆಗುತ್ತದೆ.

ಕೂದಲು ಕತ್ತರಿಸುವ ಐರಿಸ್ ಇದ್ದಾಳಲ್ಲ, ಅವಳ ಕತ್ತರಿಗಿಂತ ನಾಲಿಗೆ ಹರಿತ. ಬೆರಿಲ್‌ಳ ತಲೆಗೆ ರೋಲರ್ ಸುತ್ತುತ್ತಾ, ನಿನ್ನ ಹೇಡನ್ ಈಚೆಗೆ ಹತ್ತು ವರ್ಷ ಚಿಕ್ಕವನಾಗಿದ್ದಾನೆ, ಏನು ತಿನ್ನಿಸ್ತಾ ಇದ್ದೀಯ, ಎಂದು ಕೇಳಿದಳು. ಬೆರಿಲ್ ನಕ್ಕಳು. ಆ ನಗು ನಗುವುದಕ್ಕೆ ಎಷ್ಟು ಕಷ್ಟವಾಯಿತೆಂದರೆ ಮನೆಗೆ ಬರುವಷ್ಟರಲ್ಲಿ ದವಡೆ ನೋಯುತ್ತಿತ್ತು. ಮರುದಿನ ಪಾಠಕ್ಕೆ ಹೊರಟಾಗ ತಾನೂ ಬರುತ್ತೇನೆ, ಗಾಳಿ ಕುಡಿದ ಹಾಗಾಗುತ್ತದೆ, ಎಂದು ಹಿಂದಿನ ಸೀಟಿಗೆ ಹತ್ತಿದಳು. ನೆಸ್ಟಾಗೆ ಖುಷಿಯೋ ಖುಷಿ. ಹೇಡನ್‌ಗೆ ಯಾವುದೂ ಹೊಳೆಯಲಿಲ್ಲ. ಗಂಡಸರಿಗೆ ಇಂಥದ್ದು ಹೊಳೆಯುವಷ್ಟರಲ್ಲಿ ಕಾಲ ಮಿಂಚಿರುತ್ತದೆ.

ಹಿಂದೆ ಕೂತು ಅವಳು ಕಂಡದ್ದು ಬೇರೆ ಯಾರೋ ಹೇಡನ್‌ನನ್ನು. ದನಿಯಲ್ಲಿ ಒಂದು ಚೂರು ಒರಟಿರಲಿಲ್ಲ. ಬಸ್ಸಿಗೆ ಹತ್ತುವ ಮುದುಕಿಯರಿಗೆ ಹೇಳುತ್ತಿದ್ದ ಹಾಗೆ, "ನಿಧಾನ ತಾಯಿ, ನಿಧಾನ. ಅವಸರ ಯಾರಿಗಿದೆ?" ಅನ್ನುತ್ತಿದ್ದ. ಅವಸರ ನನಗಿದೆ, ಈ ಪಾಠ ಮುಗಿದು ಹಾಳಾಗಿ ಹೋಗಲಿ ಎಂದು ನನಗೆ ಅವಸರವಿದೆ, ಎಂದು ಬೆರಿಲ್ ಮನಸ್ಸಿನಲ್ಲೇ ಅಂದುಕೊಂಡಳು. ಬೆಥೆಲ್ ಏರಿನ ನಡುಮಧ್ಯದಲ್ಲಿ ಮುದುಕ ಪ್ರಾಸರ್, ಆಲೂಗಡ್ಡೆಯ ಚೀಲ ಹೊತ್ತು ಏದುಸಿರು ಬಿಡುತ್ತಾ ಹತ್ತುತ್ತಿದ್ದ. ನೆಸ್ಟಾ ಅವನನ್ನು ದಾಟಿಹೋಗುವುದರಲ್ಲಿದ್ದಳು. ಹೇಡನ್ ಅವಳ ಮುಂದೆ ಕೈ ಚಾಚಿ ನಿಲ್ಲಿಸಿದ.

"ಈ ಏರಲ್ಲಿ ಹಿಂದಿನ ಸೀಟು ಖಾಲಿ ಇಟ್ಕೊಂಡು, ಚೀಲ ಹೊತ್ತವರನ್ನ ದಾಟಿ ಹೋಗಬಾರದು ತಾಯಿ. ಯಾವ ಪುಸ್ತಕದಲ್ಲೂ ಬರೆದಿಲ್ಲ. ಆದ್ರೆ ನಮ್ಮೂರಲ್ಲಿ ಗಾಡಿ ಓಡಿಸೋರಿಗೆ ಇದು ಮೊದಲನೇ ಪಾಠ."

ಮಾತು ಸುಳ್ಳಲ್ಲ. ನಮ್ಮಲ್ಲಿ ಜಗಳವಾಡಿ ವರ್ಷಗಟ್ಟಲೆ ಮುಖ ನೋಡದವರೂ ಬೆಥೆಲ್ ಏರಿನಲ್ಲಿ ಚೀಲ ಕಂಡರೆ ನಿಲ್ಲಿಸುತ್ತಾರೆ. ಹತ್ತಿದವರು ಮೇಲೆ ತಲುಪುವವರೆಗೆ ಮಾತಾಡದೆ ಕೂತು ಇಳಿದು ಹೋಗುತ್ತಾರೆ. ನೆಸ್ಟಾ ಗಾಡಿಯನ್ನು ಬದಿಗೆ ತಂದು ನಿಲ್ಲಿಸಿದಳು. ಪ್ರಾಸರ್ ಹತ್ತಿ ಬೆರಿಲ್‌ಳ ಪಕ್ಕ ಮಣ್ಣು ಉದುರಿಸುತ್ತಾ ಕೂತ. ಮತ್ತೆ ಎತ್ತುವಾಗ ಕಾರು ನಡುಗಿ ಆಫ್ ಆಯಿತು, ಇನ್ನೊಮ್ಮೆ ಆಯಿತು. ಹೇಡನ್ ಏನೂ ಆಗದವನ ಹಾಗೆ ಕೂತು, ಗ್ಲಾನ್ ಹಾಡಿನ ಅಭ್ಯಾಸಕ್ಕೆ ತಡವಾಗಿ ಬಂದ ಯಾವುದೋ ಕಥೆ ಹೇಳಿ ಅವಳನ್ನು ನಗಿಸಿದ. ಮೂರನೆಯ ಸಲ ಕಾರು ಹತ್ತಿತು. ಬೆರಿಲ್ ಹಿಂದಿನಿಂದ ಗಂಡನ ಕುತ್ತಿಗೆಯನ್ನೇ ನೋಡುತ್ತಿದ್ದಳು. ಈ ತಾಳ್ಮೆಯನ್ನು ಇಷ್ಟು ವರ್ಷ ಎಲ್ಲಿ ಬಚ್ಚಿಟ್ಟಿದ್ದ, ನನಗೆ ಯಾಕೆ ಇದರಲ್ಲಿ ಒಂದು ಚೂರೂ ಕೊಡಲಿಲ್ಲ, ಅಂದುಕೊಂಡಳು. ಆಮೇಲೆ ಅವಳು ಪಾಠಕ್ಕೆ ಹೋಗಲಿಲ್ಲ.

ಟೆಸ್ಟಿನ ದಿನ ಗೊತ್ತಾದಾಗ ಬೆರಿಲ್‌ಳಷ್ಟು ಸಂತೋಷಪಟ್ಟವರು ಬೇರೆ ಯಾರೂ ಇಲ್ಲ. ನೆಸ್ಟಾ ಪಾಸಾದರೆ ಪಾಠ ಮುಗಿಯುತ್ತದೆ, ಫಲಕ ಕಿತ್ತು ಬಿಸಾಡಬಹುದು, ಗ್ಲಾನ್‌ನ ಹಳೆಯ ಕಾರು ಅವಳ ಮನೆಯ ಮುಂದೆ ಹೇಗೂ ನಿಂತೇ ಇದೆ, ಹತ್ತಿಕೊಂಡು ಬೆಟ್ಟದಾಚೆ ಹೋಗಲಿ. ಬೆರಿಲ್ ಚಾಪೆಲಿನಲ್ಲಿ ಕಣ್ಣುಮುಚ್ಚಿ ನೆಸ್ಟಾಗಾಗಿ ಪ್ರಾರ್ಥನೆ ಮಾಡಿದಳು. ಅಷ್ಟು ಮನಸ್ಸಿಟ್ಟು ಅವಳು ಸ್ವಂತ ಅಕ್ಕನ ಆಪರೇಷನ್ನಿಗೂ ಬೇಡಿಕೊಂಡಿರಲಿಲ್ಲ. ಹಿಂದಿನ ದಿನ ಕಾವಲಿಯ ಮೇಲೆ ಒಣದ್ರಾಕ್ಷಿಯ ವೆಲ್ಷ್ ಕೇಕು ಬೇಯಿಸಿ, ಬಿಸಿಯಾಗಿರುವಾಗಲೇ ಬಟ್ಟೆಯಲ್ಲಿ ಸುತ್ತಿ ಎದುರುಮನೆಗೆ ಕೊಟ್ಟುಬಂದಳು. ನೆಸ್ಟಾ ಅವಳನ್ನು ತಬ್ಬಿಕೊಂಡು, ನೀವಿಬ್ಬರೂ ಇಲ್ಲದಿದ್ದರೆ ನನ್ನ ಗತಿ ಏನಾಗುತ್ತಿತ್ತು, ಎಂದು ಕಣ್ಣೀರು ಹಾಕಿದಳು. ಬೆರಿಲ್ ಅವಳ ಬೆನ್ನು ತಟ್ಟಿದಳು, ಸ್ವಲ್ಪ ಜೋರಾಗಿಯೇ.

ಟೆಸ್ಟಿನ ದಿನ ಸಂಜೆಯ ಟೀ-ಊಟಕ್ಕೆ ಹಂದಿಮಾಂಸದ ಒಳ್ಳೆಯ ಹ್ಯಾಮ್ ತರಬೇಕೆಂದು ಅವಳು ಕೆಳಗಿನ ಅಂಗಡಿಬೀದಿಗೆ ಇಳಿದಳು. ನೆಸ್ಟಾಳನ್ನೂ ಟೀಗೆ ಕರೆದಿದ್ದಳು. ಅದು ಅಭಿನಂದನೆಯ ಟೀ ಎಂದು ಬೇರೆಯವರು ತಿಳಿದುಕೊಳ್ಳಲಿ, ಅವಳ ಲೆಕ್ಕದಲ್ಲಿ ಅದು ಬೀಳ್ಕೊಡುಗೆ. ಹ್ಯಾಮ್, ಟೊಮೇಟೊ, ಡಬ್ಬಿಯ ಪೀಚ್ ಹಣ್ಣು, ಕ್ರೀಮು, ಎಲ್ಲ ತುಂಬಿ ಎರಡು ಚೀಲವಾಯಿತು. ಮೇಲಿನ ಸಾಲುಮನೆಗಳವರೆಗೆ ಹೋಗುವ ಊರೊಳಗಿನ ಸಣ್ಣ ಬಸ್ಸು ಬರಲಿಲ್ಲ. ಸಣ್ಣಗೆ ಮಳೆ ಹಿಡಿಯಿತು. ಇನ್ನೆಷ್ಟು ಕಾಯುವುದು ಎಂದು ಎರಡೂ ಕೈಯಲ್ಲಿ ಚೀಲ ಹಿಡಿದು ಹತ್ತತೊಡಗಿದಳು.

ಬೆಥೆಲ್ ಚಾಪೆಲಿನ ಎದುರಿಗೆ ಬಂದು ಉಸಿರಿಗಾಗಿ ನಿಂತಾಗ ಹಿಂದೆ ಇಂಜಿನ್ನಿನ ಸದ್ದು ಕೇಳಿತು. ತಿರುಗಿದರೆ ತಮ್ಮದೇ ನೀಲಿ ಕಾರು. ಸ್ಟೇರಿಂಗ್ ಹಿಡಿದವಳು ನೆಸ್ಟಾ. ಪಕ್ಕದಲ್ಲಿ ಹೇಡನ್ ಇರಲಿಲ್ಲ; ಕುತ್ತಿಗೆಗೆ ಗುರುತಿನ ಕಾರ್ಡು ತೂಗುಹಾಕಿಕೊಂಡ, ಹೊರಗಿನ ಊರಿನ ಒಬ್ಬ ತೆಳ್ಳನೆಯ ಗಂಡಸು ಬೆನ್ನು ನೆಟ್ಟಗೆ ಮಾಡಿ ಕೂತಿದ್ದ. ಟೆಸ್ಟು ನಡೆಯುತ್ತಿತ್ತು. ಬೆರಿಲ್‌ಗೆ ಒಂದೇ ನೋಟಕ್ಕೆ ಎಲ್ಲ ಅರ್ಥವಾಯಿತು. ಚೀಲ ಬದಿಗಿಟ್ಟು, ಕೈ ಬೀಸಿ, ಹೋಗು ಹೋಗು, ಅನ್ನಬೇಕು. ಅಷ್ಟು ಮಾಡಿದ್ದರೆ ಸಾಕಿತ್ತು.

ನೆಸ್ಟಾ ಇಂಡಿಕೇಟರ್ ಹಾಕಿದಳು. ಆ ಕಡಿದಾದ ಏರಿನಲ್ಲಿ, ಆ ಒದ್ದೆ ರಸ್ತೆಯಲ್ಲಿ, ಕಾರು ಬದಿಗೆ ಬಂದು ಬೆರಿಲ್‌ಳ ಪಕ್ಕಕ್ಕೆ ನಿಂತಿತು. ನಿಂತದ್ದು ನಿಂತೇ ಇತ್ತು. ಒಂದು ಗೇಣು ಹಿಂದಕ್ಕೆ ಜಾರಲಿಲ್ಲ. ಪರೀಕ್ಷಕನ ಆಚೆಯಿಂದ ನೆಸ್ಟಾ ಬಗ್ಗಿ ನೋಡಿದಳು. ಅವಳ ಮುಖದಲ್ಲಿ ಹೆದರಿಕೆಯೇ ಇರಲಿಲ್ಲ, ಹುಟ್ಟಿದಾಗಿನಿಂದ ಗಾಡಿ ಓಡಿಸುತ್ತಿರುವವಳ ಮುಖ ಅದು.

"ಹತ್ತು ಬೆರಿಲ್, ಹತ್ತು. ಪೂರ್ತಿ ನೆನೆದುಹೋಗ್ತೀಯ."

ಇವಳು ಪಾಸಾಗಿ ತೊಲಗಿದರೆ ಸಾಕು ಎಂದು ವಾರಗಟ್ಟಲೆ ಬೇಡಿಕೊಂಡದ್ದು ಬೆರಿಲ್‌ಗೆ ಆಗ ನೆನಪೇ ಆಗಲಿಲ್ಲ. ಇದೇ ಜಾಗ. ಇದೇ ಮೆಟ್ಟಿಲ ಮೇಲೆ ಜನ ನಿಂತು ತನ್ನನ್ನು ನೋಡಿದ್ದು. ತನಗೆ ಇಡೀ ಜೀವಮಾನದಲ್ಲಿ ಬಾರದೆ ಹೋದದ್ದನ್ನು ಈ ನೆಸ್ಟಾ ಒಂದು ಬೇಸಿಗೆಯಲ್ಲಿ ಕಲಿತು, ನಗುನಗುತ್ತಾ, ತನ್ನ ಗಂಡನ ಕಾರಿನಲ್ಲಿ, ತನಗೇ ದಾನ ಮಾಡುವ ಹಾಗೆ ಬಂದು ನಿಂತಿದ್ದಾಳೆ. ಬೆರಿಲ್ ಹಿಂದಿನ ಬಾಗಿಲು ತೆರೆದಳು. ಮೊದಲು ಒಂದು ಚೀಲ ಒಳಗಿಟ್ಟಳು, ಆಮೇಲೆ ಇನ್ನೊಂದು. ಆಮೇಲೆ ತಾನು ಹತ್ತಿ ಕೂತು ಬಾಗಿಲು ಹಾಕಿಕೊಂಡಳು.

ಪರೀಕ್ಷಕ ನಿಧಾನವಾಗಿ ಹಿಂದಕ್ಕೆ ತಿರುಗಿ ಅವಳನ್ನು ನೋಡಿದ, ಮತ್ತೆ ನೆಸ್ಟಾಳನ್ನು ನೋಡಿದ. "ಮೇಡಂ, ಇದು ಡ್ರೈವಿಂಗ್ ಟೆಸ್ಟ್," ಅಂದ.

ನೆಸ್ಟಾಳ ಕೈ ತಾನಾಗಿ ಬಾಯಿಗೆ ಹೋಯಿತು. ಬೆರಿಲ್ ಇಳಿದಳು, ಚೀಲಗಳನ್ನು ಇಳಿಸಿಕೊಂಡಳು. ಕಾರು ಮತ್ತೆ ಎದ್ದು, ಒಂದು ನಡುಕವೂ ಇಲ್ಲದೆ ಏರು ಹತ್ತಿ ತಿರುವಿನಲ್ಲಿ ಮರೆಯಾಯಿತು. ಆ ಹತ್ತುವಿಕೆಗೆ ಯಾವ ಪರೀಕ್ಷಕನಾದರೂ ತಲೆದೂಗಬೇಕು. ಆದರೆ ಟೆಸ್ಟಿನ ನಡುವೆ, ಅಷ್ಟು ಇಕ್ಕಟ್ಟಿನ ಏರಿನಲ್ಲಿ ಗಾಡಿ ನಿಲ್ಲಿಸಿ ಜನರನ್ನು ಹತ್ತಿಸಿಕೊಂಡವಳಿಗೆ ಯಾರು ತಾನೇ ಲೈಸೆನ್ಸ್ ಕೊಡುತ್ತಾರೆ?

ಸಂಜೆ ಮೇಜಿನ ಮೇಲೆ ಹ್ಯಾಮ್ ಹೆಚ್ಚಿಟ್ಟು ಬೆರಿಲ್ ಕಾಯುತ್ತಿದ್ದಳು. ಇಬ್ಬರೂ ಬಂದರು. ನೆಸ್ಟಾ ಬಾಗಿಲಲ್ಲೇ ನಿಂತು, ಅಳುವಿನ ನಡುವೆ ನಗುತ್ತಾ, ತಪ್ಪೆಲ್ಲ ತನ್ನದೇ, ಚೀಲ ಕಂಡದ್ದೇ ತಡ ಪಕ್ಕದಲ್ಲಿ ಯಾರು ಕೂತಿದ್ದಾರೆ ಅನ್ನುವುದೇ ಮರೆತುಹೋಯಿತು, ಬೆರಿಲ್‌ಗೆ ಸುಮ್ಮನೆ ಮುಜುಗರ ಮಾಡಿದೆ, ಎಂದಳು. ಮುಂದಿನ ಟೆಸ್ಟು ಸಿಗುವುದು ಕ್ರಿಸ್‌ಮಸ್ ಕಳೆದ ಮೇಲೆಯೇ. ಕೆಲಸಕ್ಕೆ ಸೇರಬೇಕಾದದ್ದು ಬರುವ ಸೋಮವಾರ. ಟೀ ಬೇಡ, ಸ್ವಲ್ಪ ಮಲಗುತ್ತೇನೆ, ಎಂದು ಅವಳು ಮನೆಗೆ ಹೋದಳು. ಅವಳ ನಡಿಗೆ ನೋಡಿದರೆ ಒಂದೇ ಮಧ್ಯಾಹ್ನದಲ್ಲಿ ಮುದುಕಿಯಾದ ಹಾಗಿತ್ತು.

ಹೇಡನ್ ಕೂತು ಹ್ಯಾಮಿನ ತುಂಡೊಂದನ್ನು ಚುಚ್ಚಿದ, ತಿನ್ನಲಿಲ್ಲ.

"ಕೈ ಬೀಸಿ, ಹೋಗು ಅನ್ನಬಹುದಿತ್ತಲ್ಲ?"

"ಅನ್ನಬಹುದಿತ್ತು."

"ಪಕ್ಕದಲ್ಲಿ ನಾನಿಲ್ಲ ಅಂತ ಕಾಣ್ಲಿಲ್ವ ನಿನಗೆ?"

"ಕಾಣ್ತು."

ಅವನು ಫೋರ್ಕ್ ಕೆಳಗಿಟ್ಟ. ಬೆರಿಲ್ ಅವನ ಕಣ್ಣನ್ನೇ ನೋಡಿಕೊಂಡು ಹೇಳಿದಳು: "ಅವಳ ಕಾರು ಜಾರಲಿಲ್ಲ, ಹೇಡನ್. ಅದೇ ಚಾಪೆಲಿನ ಮುಂದೆ ಒಂಚೂರೂ ಜಾರಲಿಲ್ಲ. ನೀನು ಕಲಿಸಿದ್ದೆ. ಅವಳಿಗೆ ಕಲಿಸಿದ್ದೆ, ನನಗೆ ಕಲಿಸಲಿಲ್ಲ. ನನಗದು ತಡೆಯೋಕಾಗ್ಲಿಲ್ಲ."

"ಹೊಟ್ಟೆಕಿಚ್ಚಿಗೆ ಅವಳ ಅನ್ನ ಕಿತ್ಕೊಂಡೆಯಲ್ಲೇ."

"ಹೌದು."

ಹೇಡನ್ ತಟ್ಟೆಯನ್ನು ದೂರ ಸರಿಸಿದ. ಆಮೇಲೆ, ಒಂದೇ ದಾರಿ ಇದೆ, ಅಂದ. ಲೈಸೆನ್ಸ್ ಇರುವವರು ಪಕ್ಕದಲ್ಲಿದ್ದರೆ ನೆಸ್ಟಾ ಗಾಡಿ ಓಡಿಸಬಹುದು. ಬೆಳಗ್ಗೆ ತಾನು ಪಕ್ಕದಲ್ಲಿ ಕೂತು ಬೆಟ್ಟದಾಚೆ ಬಿಟ್ಟು ಬರುತ್ತೇನೆ, ಸಂಜೆ ಮತ್ತೆ ಹೋಗಿ ಕರೆದುಕೊಂಡು ಬರುತ್ತೇನೆ, ಅವಳಿಗೂ ಕೈ ಮರೆಯುವುದಿಲ್ಲ, ಮುಂದಿನ ಟೆಸ್ಟಿನವರೆಗೆ ಹೀಗೇ. ಅವನು ಅನುಮತಿ ಕೇಳುತ್ತಿರಲಿಲ್ಲ. ನೋಡಿ ಗ್ರಹಚಾರ. ಸಂಜೆ ಒಂದಿಷ್ಟು ಹೊತ್ತಿನ ಪಾಠವನ್ನು ಸಹಿಸಲಾರದವಳು, ಈಗ ಗಂಡನನ್ನು ಬೆಳಗ್ಗೆಯೂ ಸಂಜೆಯೂ ಬೆಟ್ಟ ಹತ್ತಿಸಿ ಇಳಿಸಿ ಅದೇ ಹೆಂಗಸಿನ ಪಕ್ಕ ಕೂರಿಸಿದ್ದಳು, ಅದೂ ತನ್ನ ಕೈಯಾರೆ.

ಬೆರಿಲ್ ಕೋಟು ಹಾಕಿಕೊಂಡು ರಸ್ತೆ ದಾಟಿದಳು. ನೆಸ್ಟಾ ಬಾಗಿಲು ತೆರೆದಾಗ ಅವಳ ಕಣ್ಣು ಊದಿಕೊಂಡಿತ್ತು. ಬೆರಿಲ್ ಒಳಗೆ ಹೋಗಲಿಲ್ಲ. ಟೆಸ್ಟು ನಡೆಯುತ್ತಿದೆ ಎಂದು ನನಗೆ ಗೊತ್ತಿತ್ತು, ಗೊತ್ತಿದ್ದೇ ಹತ್ತಿದೆ, ಎಂದು ಹೊಸ್ತಿಲ ಆಚೆಯಿಂದಲೇ ಹೇಳಿದಳು. ನೆಸ್ಟಾ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಕೇಕು ಕೊಟ್ಟದ್ದು, ಟೀಗೆ ಕರೆದದ್ದು, ಎಲ್ಲ ಅವಳ ಮುಖದ ಮೇಲೆ ಒಂದೊಂದಾಗಿ ಹಾದುಹೋಯಿತು.

"ನಿನ್ನ ಗಂಡನ್ನ ನಾನೇನೂ ಕದಿಯೋಕೆ ಬಂದಿರಲಿಲ್ಲ, ಬೆರಿಲ್."

"ಗೊತ್ತು. ಅವನು ನಿನಗೆ ಕಲಿಸಿದ ರೀತಿ ನನಗೆ ಬೇಕಾಗಿತ್ತು, ಅಷ್ಟೇ."

"ಹಾಗಂತ ಅವನಿಗೆ ಹೇಳೋದು ಬಿಟ್ಟು ನನ್ನ ಹೊಟ್ಟೆ ಮೇಲೆ ಹೊಡೆದೆ." ನೆಸ್ಟಾಳ ದನಿ ಏರಲಿಲ್ಲ. "ಪರವಾಗಿಲ್ಲ ಅಂತ ನಾನು ಇವತ್ತು ಅನ್ನಲ್ಲ."

ಬೆರಿಲ್ ತಲೆಯಾಡಿಸಿದಳು. ಹೇಡನ್ ಹೇಳಿದ ದಾರಿಯನ್ನು ಹೇಳಿದಳು. ನೆಸ್ಟಾ ಸ್ವಲ್ಪ ಯೋಚಿಸಿ, ಸೋಮವಾರ ಬೆಳಗ್ಗೆ ಬೇಗ ಗಾಡಿ ಹೊರಡಬೇಕು, ತಡವಾದರೆ ಒಲೆ ಹಚ್ಚುವವರಿಲ್ಲ, ಅಂದಳು. ಹೊರಡುವ ಮೊದಲು ಬೆರಿಲ್, ತಾನೂ ಬರುತ್ತೇನೆ, ಅಂದಳು. ಕಾವಲು ಕಾಯೋಕಾ ಎಂದು ನೆಸ್ಟಾ ಕೇಳಿದಳು. ಅಲ್ಲ, ವಾಪಸ್ ಬರುವಾಗ ನಾನು ಓಡಿಸೋಕೆ, ಅಂದಳು ಬೆರಿಲ್. ಗಂಡನ ಹತ್ತಿರ ಇಷ್ಟು ವರ್ಷ ಬಾಯಿಬಿಟ್ಟು ಕೇಳದ ಮಾತು ಎದುರುಮನೆಯ ಹೊಸ್ತಿಲಲ್ಲಿ ಬಂದುಬಿಟ್ಟಿತ್ತು. ಮನೆಗೆ ಬಂದು ಅದನ್ನೇ ಹೇಡನ್‌ಗೂ ಹೇಳಿದಳು. ಅವನು ಪೂರ್ತಿ ಕೇಳಿಸಿಕೊಂಡು, ಅರ್ಜಿ ಹಾಕು ಹಾಗಾದರೆ, ಅಂದ.

ಕಲಿಯುವವರ ಲೈಸೆನ್ಸ್ ಅಂಚೆಯಲ್ಲಿ ಬರುವವರೆಗೆ ಬೆರಿಲ್ ದಿನವೂ ಹಿಂದಿನ ಸೀಟಿನಲ್ಲಿ ಕೂತು ಬೆಟ್ಟ ಹತ್ತಿ ಇಳಿದಳು. ಮುಂದೆ ಕೂತವರು ಗೇರಿನ ಬಗ್ಗೆ, ತಿರುವಿನ ಬಗ್ಗೆ ಮಾತಾಡುತ್ತಿದ್ದರು. ನಿಧಾನ ತಾಯಿ, ನಿಧಾನ, ಎಂದು ಹೇಡನ್ ಅನ್ನುತ್ತಿದ್ದ. ಹೊಟ್ಟೆಕಿಚ್ಚು ತಪ್ಪು ಒಪ್ಪಿಕೊಂಡ ತಕ್ಷಣ ಆರಿಹೋಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅದು ದಿನವೂ ಬೆರಿಲ್‌ಳ ಜೊತೆ ಗಾಡಿ ಹತ್ತುತ್ತಿತ್ತು. ನೆಸ್ಟಾ ಅವಳ ಜೊತೆ ಮಾತಾಡುತ್ತಿರಲಿಲ್ಲ. ಗುಡ್ ಮಾರ್ನಿಂಗ್ ಕೂಡ ಇಲ್ಲ.

ಲೈಸೆನ್ಸ್ ಬಂದ ಮರುದಿನ ಬೆಳಗ್ಗೆ ವೃದ್ಧಾಶ್ರಮದ ಗೇಟಿನಲ್ಲಿ ನೆಸ್ಟಾ ಇಳಿದಳು. ಬೆರಿಲ್ ಹಿಂದಿನಿಂದ ಇಳಿದು ಬಂದು ಅವಳ ಎದುರಿಗೆ ನಿಂತಳು. ನೆಸ್ಟಾ ಬಾಗಿಲು ಮುಚ್ಚದೆ ಹಿಡಿದುಕೊಂಡಿದ್ದಳು. "ಕ್ಲಚ್ ಸ್ವಲ್ಪ ಬಿಗಿ ಇದೆ," ಅಂದಳು, ಬೆರಿಲ್‌ಳ ಮುಖ ನೋಡದೆ. "ಪೂರ್ತಿ ಒತ್ತು. ಬಿಡುವಾಗ ಅವಸರ ಮಾಡಬೇಡ." ಅಷ್ಟು ಹೇಳಿ ಅಡುಗೆಮನೆಯ ಬಾಗಿಲ ಕಡೆ ನಡೆದುಹೋದಳು.

ಬೆರಿಲ್ ಕೂತಳು. ಬೆಟ್ಟದ ದಾರಿಯಲ್ಲಿ ಅರ್ಧ ಹತ್ತುವವರೆಗೆ ಹೇಡನ್ ಮೊಣಕಾಲುಗಳನ್ನು ಎರಡೂ ಕೈಯಿಂದ ಹಿಡಿದುಕೊಂಡು ಕೂತಿದ್ದ. ಒಂದು ತಿರುವಿನಲ್ಲಿ ಕುರಿಯೊಂದು ರಸ್ತೆಯ ನಡುವೆ ತನ್ನ ಪಾಡಿಗೆ ಮಲಗಿತ್ತು. ಬೆರಿಲ್ ನಿಲ್ಲಿಸಿದಳು. ಹಾರ್ನ್ ಹೊಡೆದಾಗ ಕುರಿ ಎದ್ದು ಹೋಯಿತು. ಅವಳು ಹ್ಯಾಂಡ್‌ಬ್ರೇಕ್ ಇಳಿಸಿ ಕ್ಲಚ್ ಬಿಟ್ಟಳು. ಕಾರು ಆಫ್ ಆಗಿ ಹಿಂದಕ್ಕೆ ಜಾರಿತು.

"ಬ್ರೇಕು! ಬ್ರೇಕ್ ಒತ್ತೇ, ಕಣ್ಣು ಕಾಣಲ್ವ ನಿನಗೆ, ಹಿಂದೆ ಪ್ರಪಾತ ಇದೆ!"

ಬೆರಿಲ್ ಒತ್ತಿದಳು. ಕಾರು ನಿಂತಿತು. ಬೆಟ್ಟದ ತುಂಬ ಅವನ ದನಿ ಹೋಗಿ ತಿರುಗಿ ಬಂದ ಹಾಗಾಯಿತು. ಹೇಡನ್‌ನ ಮುಖ ಬಿಳಿಚಿಕೊಂಡು, ಆಮೇಲೆ ಕೆಂಪಾಯಿತು. ಬೆರಿಲ್ ಎರಡೂ ಕೈಯನ್ನು ಸ್ಟೇರಿಂಗಿನ ಮೇಲೆ ಇಟ್ಟುಕೊಂಡೇ ಕೇಳಿದಳು.

"ನೆಸ್ಟಾ ಮೇಲೆ ಹೀಗೆ ಕಿರುಚಿದ್ದೀಯಾ? ಒಂದೇ ಒಂದು ಸಲ?"

"ಇಲ್ಲ."

"ಯಾಕೆ?"

ಅವನು ಮುಂದಿನ ಗಾಜಿನಿಂದ ಆಚೆ ನೋಡಿದ. ಉತ್ತರ ಗೊತ್ತಿತ್ತು, ಹೇಳುವುದು ಅಭ್ಯಾಸವಿರಲಿಲ್ಲ.

"ಅವಳ ಪಕ್ಕ ಕೂತಾಗ ನನಗೆ ಭಯ ಆಗಲ್ಲ ಕಣೇ," ಅಂದ. "ನೀನು ಸ್ಟೇರಿಂಗ್ ಹಿಡಿದ್ರೆ, ನಿನಗೇನಾದ್ರೂ ಆಗಿಬಿಟ್ರೆ ಅಂತ ನನ್ನ ಕೈಕಾಲೇ ಆಡಲ್ಲ. ಆಗಲೂ ಅಷ್ಟೇ. ಅದಕ್ಕೇ ಮತ್ತೆ ಕೇಳಲಿಲ್ಲ."

ಬೆರಿಲ್‌ಳ ಕಣ್ಣು ತುಂಬಿಕೊಂಡಿತು. ಒರೆಸಿಕೊಳ್ಳಲು ಕೈ ತೆಗೆದರೆ ಗಾಡಿ ಎಲ್ಲಿ ಮತ್ತೆ ಜಾರುತ್ತದೋ ಎಂದು ಹಾಗೇ ಬಿಟ್ಟಳು.

"ಹಾಗಾದ್ರೆ ಕಿರುಚ್ಕೋ," ಅಂದಳು. "ಆದ್ರೆ ನಮ್ಮ ಬೀದಿಗೆ ಬಂದ ಮೇಲೆ ಕಿಟಕಿ ಏರಿಸ್ಕೊಂಡು ಕಿರುಚ್ಕೋ. ಆ ಐರಿಸ್‌ಗೆ ಕೇಳಿಸೋದು ಬೇಡ."

ಹೇಡನ್ ಆಗಲೇ ಕಿಟಕಿ ಏರಿಸತೊಡಗಿದ. ಬೆರಿಲ್ ಕ್ಲಚ್ಚನ್ನು ಪೂರ್ತಿ ಒತ್ತಿ, ಕೀಲಿ ತಿರುಗಿಸಿದಳು.